ಅಮ್ಮ ಸಾಲಾಗಿ ಗೆದ್ದ ಏಳು ಮೇಜು

ಮೂರನೆಯ ಸಲವೂ ಗರ್ಭ ನಿಲ್ಲದೆ ಹೋದಾಗ ನಾನು ಮೈಸೂರಿನ ವಿದ್ಯಾರಣ್ಯಪುರಂನಲ್ಲಿದ್ದ ಅಮ್ಮನ ಮನೆಗೆ ಹೋಗಿ ಇಪ್ಪತ್ತು ದಿನ ಇದ್ದೆ. ಅದು ಎರಡು ಸಾವಿರದ ಆರನೆಯ ಇಸವಿ. ನನಗೆ ಮೂವತ್ತೆರಡು ವಯಸ್ಸು. ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದೆ. ಮಲಗಿ ರೆಸ್ಟ್ ತೆಗೆದುಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು, ಆದರೆ ನನ್ನಿಂದ ಮಲಗಲು ಆಗುತ್ತಿರಲಿಲ್ಲ. ಕೂತರೆ ಏಳಬೇಕು ಅನ್ನಿಸುತ್ತಿತ್ತು, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತಿರಲಿಲ್ಲ. ಹಿತ್ತಲಿನಲ್ಲಿ ಬಟ್ಟೆ ಒಣಗಿದೆಯೇ ಎಂದು ನೋಡಲು ಹೋಗಿ, ಒಣಗದ ಬಟ್ಟೆಯನ್ನೇ ತಿರುವಿ ಹಾಕಿ, ಒಳಗೆ ಬಂದು, ಐದು ನಿಮಿಷಕ್ಕೆ ಮತ್ತೆ ಹೋಗುತ್ತಿದ್ದೆ. ಓದಲು ತಂದಿದ್ದ ಪುಸ್ತಕದಲ್ಲಿ ಅದೇ ಪುಟವನ್ನು ಎಷ್ಟು ಸಲ ಓದಿದೆನೋ.

ಆ ದಿನಗಳಲ್ಲಿ ಅಮ್ಮ ಮಧ್ಯಾಹ್ನವಾದರೆ ಕಂಪ್ಯೂಟರಿನ ಮುಂದೆ ಕೂತು ಪೋಕರ್ ಆಡುತ್ತಿದ್ದಳು.

ಇದನ್ನು ಹೇಳಿದರೆ ಕೇಳಿದವರು ನಗುತ್ತಾರೆ. ಅಮ್ಮನನ್ನು ಕಂಡವರಾದರೆ ನಂಬುವುದೇ ಇಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಇಷ್ಟಲಿಂಗ ಪೂಜೆ ಮುಗಿಸಿ, ಮೂರು ಬೆರಳಲ್ಲಿ ವಿಭೂತಿ ಎಳೆದುಕೊಳ್ಳದೆ ಒಂದು ಲೋಟ ಕಾಫಿ ಕೂಡ ಕುಡಿಯದವಳು ಅವಳು. ಆದರೆ ಇಸ್ಪೀಟು ಅವಳಿಗೆ ಹೊಸದಲ್ಲ. ದೂರವಾಣಿ ಇಲಾಖೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಆಪರೇಟರ್ ಆಗಿದ್ದಳು. ತೊಂಬತ್ತರ ದಶಕದ ಮೊದಲಲ್ಲಿ, ಟ್ರಂಕ್ ಕಾಲ್ ಬುಕ್ ಮಾಡುವವರು ಕಮ್ಮಿಯಾಗಿ, ಎಕ್ಸ್‌ಚೇಂಜಿನಲ್ಲಿ ಬಿಡುವು ಹೆಚ್ಚಾದಾಗ, ಹೆಂಗಸರ ವಿಶ್ರಾಂತಿ ಕೋಣೆಯ ಮಂಚದ ಮೇಲೆ ಹುಣಿಸೆ ಬೀಜ ಇಟ್ಟುಕೊಂಡು ರಮ್ಮಿ ಆಡುವುದನ್ನು ಕಲಿತಳು. ನಾನು ಪಿಯುಸಿ ಓದುವಾಗ ಮಧ್ಯಾಹ್ನ ಅವಳ ಊಟದ ಡಬ್ಬಿ ಕೊಡಲು ಹೋದರೆ ಆ ಮಂಚದ ಮೇಲೆ ನಾಲ್ಕು ಜನ ಕೂತಿರುತ್ತಿದ್ದರು. ಮೂವರು ಮಾತಾಡುತ್ತಿದ್ದರು, ಅಮ್ಮ ಆಡುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ, ಅಮ್ಮನಿಗೆ ನಿವೃತ್ತಿಯೂ ಆದ ಮೇಲೆ, ನನ್ನ ಹಳೆಯ ಕಂಪ್ಯೂಟರನ್ನು ಅವಳ ಮನೆಗೆ ತಂದಿಟ್ಟೆ. ಇಲಾಖೆಯ ನಿವೃತ್ತರಿಗೆ ಫೋನಿನ ಜೊತೆ ಇಂಟರ್ನೆಟ್ಟೂ ಕಡಿಮೆ ದರಕ್ಕೆ ಸಿಗುತ್ತಿತ್ತು. ಮೊದಲು ಒಬ್ಬರೇ ಆಡುವ ಇಸ್ಪೀಟು ಆಡಿದಳು. ಅದು ಬೇಜಾರಾಯಿತು. "ಎದುರಿಗೆ ಯಾರೂ ಇಲ್ದೆ ಎಂಥ ಆಟ ಅದು" ಎಂದು ಹುಡುಕಿ ಹುಡುಕಿ ಈ ಪೋಕರ್ ಸೈಟನ್ನು ತಾನೇ ಪತ್ತೆ ಮಾಡಿಕೊಂಡಳು. ಅಲ್ಲಿ ನಿಜವಾದ ದುಡ್ಡು ಹಾಕಿ ಆಡುವವರೂ ಇದ್ದರು, ದುಡ್ಡಿನ ಬದಲು ಸೈಟಿನವರೇ ಕೊಡುವ ಬಿಟ್ಟಿ ಚಿಪ್ಸಿನಲ್ಲಿ, ಅಂದರೆ ಲೆಕ್ಕದ ಬಿಲ್ಲೆಗಳಲ್ಲಿ, ಆಡುವವರೂ ಇದ್ದರು. ಅಮ್ಮನದು ಬಿಟ್ಟಿ ಚಿಪ್ಸು. ಮಧ್ಯಾಹ್ನದ ಊಟವಾಗಿ, ಪಾತ್ರೆ ತೊಳೆದಿಟ್ಟು, ಎರಡು ಗಂಟೆಗೆ ಕೂತರೆ ಐದಕ್ಕೆ ಏಳುತ್ತಿದ್ದಳು. ದಿನಕ್ಕೆ ಮೂರು ಮೇಜು, ಅಂದರೆ ಮೂರು ಆಟ, ಅವಳ ಲೆಕ್ಕ. ಒಂದು ಮೇಜಿಗೆ ಒಂಬತ್ತು ಜನ. ಎಲ್ಲರಿಗೂ ಮೊದಲಲ್ಲಿ ಸಮನಾದ ಚಿಪ್ಸು. ಒಬ್ಬೊಬ್ಬರಿಗೆ ಎರಡು ಎಲೆ ಬರುತ್ತದೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಒಂದೊಂದಾಗಿ ತೆರೆದುಕೊಳ್ಳುತ್ತದೆ. ತನ್ನ ಕೈ ಚೆನ್ನಾಗಿದೆ ಅನ್ನಿಸಿದವರು ಚಿಪ್ಸು ಕಟ್ಟಬೇಕು, ಇಲ್ಲದವರು ಎಲೆ ಎಸೆದು ಸುಮ್ಮನಿರಬೇಕು. ಚಿಪ್ಸು ಮುಗಿದವರು ಎದ್ದು ಹೋಗುತ್ತಾರೆ. ಕೊನೆಗೆ ಉಳಿದವರು ಮೇಜು ಗೆದ್ದಂತೆ.

ನಾನು ಹೋದ ನಾಲ್ಕನೆಯ ದಿನವೋ ಐದನೆಯ ದಿನವೋ, ಅಮ್ಮ ಸಂಜೆ ಕಾಫಿಗೆ ಹಾಲು ಕಾಯಿಸುತ್ತ, ತರಕಾರಿ ರೇಟು ಹೇಳುವ ದನಿಯಲ್ಲಿ ಹೇಳಿದಳು:

"ನೆನ್ನೆ ಮೂರೂ ಗೆದ್ದೆ ಕಣೆ. ಇವತ್ತು ಎರಡು. ಮೂರನೇದು ಆಡೋಷ್ಟರಲ್ಲಿ ಕರೆಂಟು ಹೋಯ್ತು."

"ಸಾಲಾಗಿ ಐದು?"

"ಐದಾಯ್ತಲ್ಲ."

ನನ್ನ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿಬಿಟ್ಟಿತು. ಒಂಬತ್ತು ಜನರಲ್ಲಿ ಒಬ್ಬರು ಗೆಲ್ಲುವುದು ಒಂಬತ್ತರಲ್ಲೊಂದು. ಐದು ಸಲ ಸಾಲಾಗಿ ಎಂದರೆ ಒಂಬತ್ತನ್ನು ಒಂಬತ್ತರಿಂದ ಹಾಗೇ ಗುಣಿಸುತ್ತ ಹೋಗಬೇಕು. ಐವತ್ತೊಂಬತ್ತು ಸಾವಿರದ ನಲವತ್ತೊಂಬತ್ತರಲ್ಲಿ ಒಂದು. ನಾನು ಅದನ್ನು ಹೇಳಿದೆ. ಅಮ್ಮ ಹಾಲು ಉಕ್ಕದಂತೆ ಊದುತ್ತ "ಅಷ್ಟೊಂದಾ" ಎಂದಳು, ಅಷ್ಟೇ.

ಮಾರನೆಯ ದಿನ ನಾನು ಅವಳ ಕುರ್ಚಿಯ ಹಿಂದೆ ಸ್ಟೂಲು ಹಾಕಿಕೊಂಡು ಕೂತೆ. ಆರನೆಯ ಮೇಜು ಗೆದ್ದಳು. ಏಳನೆಯದೂ ಗೆದ್ದಳು. ಏಳನೆಯದು ನಡೆಯುವಾಗ ನಾನು ಎದ್ದು ಓಡಾಡುತ್ತಿದ್ದೆ. ಏಳು ಸಾಲಾಗಿ ಎಂದರೆ ಸುಮಾರು ನಲವತ್ತೆಂಟು ಲಕ್ಷದಲ್ಲಿ ಒಂದು. ಇದು ಆಗುವಂಥದ್ದಲ್ಲ. ಅಮ್ಮ ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ಎಂಟನೆಯದನ್ನು ಸೋತಳು. ನಾಲ್ವರು ಉಳಿದಿದ್ದಾಗ ಅವಳ ಚಿಪ್ಸು ಮುಗಿಯಿತು. ಕಂಪ್ಯೂಟರ್ ಆರಿಸಿ, ಸೊಂಟಕ್ಕೆ ಕೈ ಕೊಟ್ಟು ಎದ್ದು, "ಅವರೆಕಾಯಿ ಬುಡಿಸ್ಬೇಕು ಬಾ" ಎಂದಳು.

ಅವರೆಕಾಯಿ ಬಿಡಿಸುವಾಗ ನನಗೆ ಸಿಟ್ಟು ಬಂದಿತ್ತು. ಯಾಕೆಂದು ಆಗ ಗೊತ್ತಾಗಲಿಲ್ಲ. ಈಗ ಹೇಳಬಲ್ಲೆ. ಆಗ ನನ್ನನ್ನು ಬೀಳದಂತೆ ಹಿಡಿದು ನಿಲ್ಲಿಸಿದ್ದು ಒಂದೇ ಒಂದು ಸಂಖ್ಯೆ, ಇನ್ನೂರ ಹದಿನಾರು. ಮೊದಲ ಸಲ ಗರ್ಭ ಹೋದಾಗ ಯಾದವಗಿರಿಯ ನಮ್ಮ ಡಾಕ್ಟರಮ್ಮ, ತಮ್ಮ ಬಂಗಲೆಯ ಮುಂದಿನ ಕೋಣೆಯನ್ನೇ ಕ್ಲಿನಿಕ್ ಮಾಡಿಕೊಂಡಿದ್ದವರು, "ಹೆಚ್ಚುಕಮ್ಮಿ ಆರರಲ್ಲೊಂದು ಹಿಂಗಾಗತ್ತಮ್ಮ, ಇದರಲ್ಲಿ ನಿಮ್ಮ ತಪ್ಪೇನಿಲ್ಲ" ಎಂದು ನನ್ನ ಕೈ ಹಿಡಿದು ಹೇಳಿದ್ದರು. ಆರರಲ್ಲೊಂದು. ಎರಡನೆಯ ಸಲವಾದಾಗ ಮೂವತ್ತಾರರಲ್ಲೊಂದು. ಮೂರನೆಯ ಸಲಕ್ಕೆ ಇನ್ನೂರ ಹದಿನಾರರಲ್ಲೊಂದು. ಮೈಸೂರಿನಂಥ ಊರಿನಲ್ಲಿ ಎಷ್ಟು ಸಾವಿರ ಹೆಂಗಸರಿಲ್ಲ? ಅವರಲ್ಲಿ ಇನ್ನೂರ ಹದಿನಾರಕ್ಕೊಬ್ಬಳಿಗೆ ಹೀಗೆ ಆಗಲೇಬೇಕು, ಸುಮ್ಮನೆ, ಯಾವ ಕಾರಣವೂ ಇಲ್ಲದೆ. ಆ ಒಬ್ಬಳು ನಾನು.

ನಮ್ಮ ಮನೆ ಬೋಗಾದಿಯಲ್ಲಿತ್ತು. ಸುತ್ತಲೂ ಹೊಸ ಬಡಾವಣೆ ಏಳುತ್ತಿತ್ತು. ಬೆಳಗಾದರೆ ಕಾಂಕ್ರೀಟ್ ಮಿಕ್ಸರಿನ ಸದ್ದು. ನಮ್ಮ ಜೊತೆ ಅತ್ತೆಯೂ ಇದ್ದರು. ಅವರು ಕೆಟ್ಟವರಲ್ಲ, ಆದರೆ ಅವರಿಗೆ ಪ್ರತಿಯೊಂದಕ್ಕೂ ಕಾರಣ ಬೇಕಿತ್ತು. ಮೊದಲನೆಯದಕ್ಕೆ ನಾನು ತಿಂದ ಪರಂಗಿ ಹಣ್ಣು ಕಾರಣ. ಎರಡನೆಯದಕ್ಕೆ, ಹಳ್ಳ ಬಿದ್ದ ರಸ್ತೆಯಲ್ಲಿ ಸ್ಕೂಟರಿನಲ್ಲಿ ಕಾಲೇಜಿಗೆ ಹೋಗಿಬಂದದ್ದು. ಮೂರನೆಯದಕ್ಕೆ ಏನೂ ಸಿಗದೆ, "ಯಾವ್ದೋ ದೋಷ ಇರ್ಬೇಕು ಕಣಮ್ಮ, ತೋರಿಸೋಣ" ಎಂದಿದ್ದರು. ಅವರು ಒಂದೊಂದು ಕಾರಣ ಹೇಳಿದಾಗಲೂ ಅದು ನನ್ನ ಹೊಟ್ಟೆಗೇ ಬಂದು ನಿಲ್ಲುತ್ತಿತ್ತು. ನಾನು ಮನಸ್ಸಿನಲ್ಲಿ ನನ್ನ ಸಂಖ್ಯೆಯನ್ನು ಹಿಡಿದುಕೊಂಡು ನಿಲ್ಲುತ್ತಿದ್ದೆ. ಕಾರಣವಿಲ್ಲ ಎಂದರೆ ತಪ್ಪೂ ಇಲ್ಲ.

ಡಾಕ್ಟರಮ್ಮ ಮೂರನೆಯ ಸಲದ ನಂತರ, "ಇನ್ನು ಕೆಲವು ರಕ್ತ ಪರೀಕ್ಷೆ ಮಾಡಿಸಿ ನೋಡೋಣ, ಮೂರಾದ್ಮೇಲೆ ಮಾಡಿಸೋದು ವಾಡಿಕೆ" ಎಂದು ಚೀಟಿ ಬರೆದು ಕೊಟ್ಟಿದ್ದರು. ಆ ಚೀಟಿ ನನ್ನ ವ್ಯಾನಿಟಿ ಬ್ಯಾಗಿನಲ್ಲೇ ಇತ್ತು. ನನ್ನ ಗಂಡ ವಿದ್ಯುತ್ ಕಚೇರಿಯಲ್ಲಿ ಎಂಜಿನಿಯರು, ಹೆಚ್ಚು ಮಾತಿನವರಲ್ಲ. ಎರಡು ಸಲ ಕೇಳಿದರು. "ಮಾಡಿಸ್ತೀನಿ ಬಿಡಿ" ಎಂದೆ. ಮೂರನೆಯ ಸಲ ಅವರು ಕೇಳಲಿಲ್ಲ.

ಈಗ ಅಮ್ಮ ಏಳು ಮೇಜು ಗೆದ್ದು ಕೂತಿದ್ದಳು. ನಲವತ್ತೆಂಟು ಲಕ್ಷದಲ್ಲೊಂದು ಸುಮ್ಮನೆ ಆಗುವುದಾದರೆ ಇನ್ನೂರ ಹದಿನಾರರಲ್ಲೊಂದು ಯಾವ ದೊಡ್ಡದು ಎಂದು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇಲ್ಲೇನೋ ಇದೆ ಅನ್ನಿಸಿತು. ಯಾರಾದರೂ ಮೋಸ ಮಾಡುತ್ತಿದ್ದಾರೆಯೇ? ಸೈಟಿನವರೇ ಬಿಟ್ಟಿ ಆಡುವವರಿಗೆ ಒಳ್ಳೆಯ ಎಲೆ ಹಂಚಿ ದುಡ್ಡಿನ ಆಟಕ್ಕೆ ಎಳೆಯುತ್ತಾರೆಯೇ? ನಾನು ಒಂದು ನೋಟ್‌ಬುಕ್ ತೆಗೆದುಕೊಂಡು ಮಾರನೆಯ ದಿನದಿಂದ ಪ್ರತಿ ಕೈಯನ್ನೂ ಬರೆಯತೊಡಗಿದೆ. ಅಮ್ಮನಿಗೆ ಬಂದ ಎರಡು ಎಲೆ, ಅವಳು ಆಡಿದಳೋ ಎಸೆದಳೋ, ಯಾರು ಯಾವಾಗ ಹೊರಗೆ ಹೋದರು. ಕೈಗೆ ಕೆಲಸ ಸಿಕ್ಕಿದ್ದರಿಂದ ಆ ಮೂರು ಗಂಟೆ ನಾನು ಹಿತ್ತಲಿಗೆ ಹೋಗುತ್ತಿರಲಿಲ್ಲ.

ನಾಲ್ಕು ದಿನ, ಹನ್ನೆರಡು ಮೇಜು. ಅಮ್ಮನಿಗೆ ಬಂದ ಎಲೆಗಳಲ್ಲಿ ವಿಶೇಷವೇನೂ ಇರಲಿಲ್ಲ. ಜೋಡಿ ಎಲೆ ಬರಬೇಕಾದಷ್ಟೇ ಬರುತ್ತಿತ್ತು, ಎಕ್ಕ ಬರಬೇಕಾದಷ್ಟೇ. ವಿಶೇಷ ಇದ್ದದ್ದು ಉಳಿದ ಎಂಟು ಜನರಲ್ಲಿ. ಬಿಟ್ಟಿ ಚಿಪ್ಸಾದ್ದರಿಂದ ಅವರಿಗೆ ತಾಳ್ಮೆಯೇ ಇರಲಿಲ್ಲ. ಮೊದಲ ಕೈಯಲ್ಲೇ ಇದ್ದದ್ದೆಲ್ಲ ತಳ್ಳುವವನೊಬ್ಬ, ಅವನ ಹಿಂದೆಯೇ ಇನ್ನಿಬ್ಬರು. ಹತ್ತು ನಿಮಿಷದಲ್ಲಿ ಐದು ಕುರ್ಚಿ ಖಾಲಿ. ಅಮ್ಮ ಅಷ್ಟು ಹೊತ್ತೂ ಎಲೆ ಎಸೆಯುತ್ತ ಕೂತಿರುತ್ತಿದ್ದಳು. ಎಸೆದಳು, ಎಸೆದಳು, ಎಸೆದಳು ಎಂದು ಬರೆದು ಬರೆದು ಕೊನೆಗೆ ನಾನು ಬರೀ ಗೀಟು ಹಾಕತೊಡಗಿದೆ. ಇಪ್ಪತ್ತು ಗೀಟು ಆದ ಮೇಲೆ ಒಂದು ಒಳ್ಳೆಯ ಕೈ ಬರುತ್ತಿತ್ತು, ಆಗ ಮೆಲ್ಲಗೆ ಚಿಪ್ಸು ಕಟ್ಟುತ್ತಿದ್ದಳು. ಹನ್ನೆರಡರಲ್ಲಿ ಐದು ಗೆದ್ದಳು.

ಅಂದರೆ ಅವಳು ಗೆಲ್ಲುವುದು ಒಂಬತ್ತರಲ್ಲೊಂದಲ್ಲ, ಹೆಚ್ಚುಕಮ್ಮಿ ಐದರಲ್ಲೆರಡು. ಹಾಗೆ ಹಿಡಿದರೆ ಏಳು ಸಾಲಾಗಿ ಬರುವುದು ಸುಮಾರು ಆರುನೂರರಲ್ಲಿ ಒಂದು. ಅವಳು ದಿನಕ್ಕೆ ಮೂರರಂತೆ ವರ್ಷದ ಮೇಲಿಂದ ಆಡುತ್ತಿದ್ದಾಳೆ, ಸಾವಿರ ಮೇಜು ದಾಟಿದೆ. ಸಾವಿರ ಮೇಜಿನಲ್ಲಿ ಇಂಥ ಸಾಲು ಒಂದಾದರೂ ಬರಬೇಕಾದದ್ದೇ. ನಲವತ್ತೆಂಟು ಲಕ್ಷ ಎಂಬುದು ನಾನು ತಪ್ಪಾಗಿ ಹಿಡಿದ ಲೆಕ್ಕ. ಎಲ್ಲರೂ ಒಂದೇ ಥರ ಆಡುತ್ತಾರೆ ಎಂದುಕೊಂಡದ್ದು ನನ್ನ ತಪ್ಪು. ತರಗತಿಯಲ್ಲಿ ವರ್ಷಕ್ಕೊಂದು ಸಲ ನಾನೇ ಬೋರ್ಡಿನ ಮೇಲೆ ಬರೆದು ಎಚ್ಚರಿಸುವ ತಪ್ಪು ಅದು.

ಐದನೆಯ ದಿನ ಊಟವಾದ ಮೇಲೆ ನೋಟ್‌ಬುಕ್ ತೋರಿಸಿ ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ನನಗೆ ಬಹಳ ದಿನದ ಮೇಲೆ ಉತ್ಸಾಹ ಬಂದಿತ್ತು. ಅವಳು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿಸಿಕೊಂಡಳು.

"ಮೊದ್ಲೂ ಹಿಂಗೆ ಸಾಲಾಗಿ ಬಂದಿತ್ತೇನೋ" ಎಂದಳು. "ನಾನೇನು ಬರ್ದಿಟ್ಟಿರ್ಲಿಲ್ಲ."

"ಅದೇ ಅಮ್ಮ. ಅದೃಷ್ಟ ಅಂದ್ಕೊಂಡಿದ್ರೆ ಅದೃಷ್ಟ ಅಂತಲೇ ಆಗ್ತಿತ್ತು. ನೋಡಿದ್ರಿಂದ ಕಾರಣ ಗೊತ್ತಾಯ್ತು."

ಅಮ್ಮ ಸುಣ್ಣದ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟಳು.

"ನಾನು ಏಳು ಗೆದ್ದಿದ್ಕೆ ಏನೋ ಕಾರಣ ಇರ್ಲೇಬೇಕು ಅಂತ ನಾಕು ದಿವ್ಸ ನನ್ನ ಬೆನ್ನ ಹಿಂದೆ ಕೂತ್ಬುಟ್ಟೆ. ನಿಂದು ಮೂರಾಯ್ತಲ್ಲ ಕಣೆ. ಅದ್ಕೆ ಮಾತ್ರ ಯಾಕೆ ನೋಡಲ್ಲ ನೀನು?"

ನಾನು ನೋಟ್‌ಬುಕ್ ಮುಚ್ಚಿದೆ.

"ಚೀಟಿ ಬ್ಯಾಗಲ್ಲೇ ಐತಲ್ಲ, ನಾನು ನೋಡಿದೀನಿ."

"ಅದು ಬೇರೆ ಅಮ್ಮ. ಮೂರು ಸಲ ಸುಮ್ನೆ ಆಗಬಹುದು. ಇನ್ನೂರ ಹದಿನಾರರಲ್ಲಿ..."

"ಆಗ್ಬೋದು. ಇಲ್ಲ ಅಂದ್ನಾ? ನಂದೂ ಸುಮ್ನೆ ಆಗ್ಬೋದಿತ್ತು. ಆದ್ರೂ ನೀನು ನೋಡ್ದೆ."

ನಾನು ಎದ್ದು ಹಿತ್ತಲಿಗೆ ಹೋದೆ. ತಂತಿಯ ಮೇಲೆ ಆ ಹೊತ್ತು ಒಂದು ಬಟ್ಟೆಯೂ ಇರಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕೂತುಕೊಂಡೆ. ಮೂರು ವರ್ಷದಲ್ಲಿ ಮೊದಲ ಸಲ ನನಗೆ ನಾನೇ ನಿಜ ಹೇಳಿಕೊಂಡೆ: ಕಾರಣ ಸಿಕ್ಕಿಬಿಟ್ಟರೆ ಅದು ನನ್ನೊಳಗೇ ಇರುತ್ತದೆ, ಆಗ ಅತ್ತೆ ಹೇಳಿದ್ದು ನಿಜವಾಗುತ್ತದೆ ಎಂಬ ಹೆದರಿಕೆ. ಅದಕ್ಕೇ ನಾನು ಆ ಸಂಖ್ಯೆಯನ್ನು ಬಾಗಿಲಿಗೆ ಅಡ್ಡಲಾಗಿ ಇಟ್ಟಿದ್ದೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆರರಲ್ಲೊಂದು ಎಂಬುದು ಎಲ್ಲ ಹೆಂಗಸರನ್ನೂ ಒಟ್ಟಿಗೆ ಹಿಡಿದು ಹೇಳಿದ ಮಾತು. ನನ್ನದು ಎಷ್ಟರಲ್ಲಿ ಎಷ್ಟು ಎಂದು ಯಾರೂ ನೋಡಿರಲಿಲ್ಲ. ನಾನು ನೋಡಲು ಬಿಟ್ಟಿರಲಿಲ್ಲ.

ಅಮ್ಮ ಅಂದು ಕಂಪ್ಯೂಟರ್ ಹಾಕಲಿಲ್ಲ. ಒಳಗೆ ಮಂಚದ ಮೇಲೆ ಅಡ್ಡಾಗಿದ್ದಳು. ನಾನು ಹೋಗಿ ಹೇಳಿದೆ, ನಾಳೆ ಯಾದವಗಿರಿಗೆ ಹೋಗಿ ಬರೋಣ ಎಂದು. "ಖಾಲಿ ಹೊಟ್ಟೇಲಿ ಹೋಗ್ಬೇಕೇನೋ, ಕೇಳು" ಎಂದಳು.

ಮೊದಲ ಪರೀಕ್ಷೆಯಲ್ಲಿ ಏನೋ ಕಂಡಿತು. ಮೂರು ತಿಂಗಳು ಬಿಟ್ಟು ಇನ್ನೊಂದು ಸಲ ಮಾಡಿಸಿದರೆ ಮಾತ್ರ ಖಚಿತ ಎಂದರು ಡಾಕ್ಟರಮ್ಮ. ಆ ಮೂರು ತಿಂಗಳನ್ನು ನಾನು ಹೇಗೆ ಕಳೆದೆನೋ. ಪಾಠ ಮಾಡುವಾಗ ಬೋರ್ಡಿಗೆ ತಿರುಗಿ, ಏನು ಬರೆಯಬೇಕೆಂದು ಮರೆತು ನಿಲ್ಲುತ್ತಿದ್ದೆ. ಸಂಜೆ ಬೋಗಾದಿಯ ಬಡಾವಣೆಯಲ್ಲಿ ಮರಳಿನ ರಾಶಿ, ಜಲ್ಲಿ ರಾಶಿಗಳ ನಡುವೆ ಒಂದು ರಸ್ತೆ ಮುಗಿದರೆ ಇನ್ನೊಂದಕ್ಕೆ ತಿರುಗಿ ನಡೆಯುತ್ತಿದ್ದೆ. ಗಂಡ ಕಚೇರಿಯಿಂದ ಬಂದು ಬೂಟು ಬಿಚ್ಚದೆ ಹುಡುಕಿಕೊಂಡು ಬರುತ್ತಿದ್ದರು. ಜೊತೆಗೆ ನಡೆಯುತ್ತಿದ್ದರು.

ಎರಡನೆಯ ಪರೀಕ್ಷೆಯಲ್ಲೂ ಅದೇ ಕಂಡಿತು. ನನ್ನ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಗುಣವಿತ್ತು. ಮಗುವಿಗೆ ರಕ್ತ ಹೋಗುವ ಸಣ್ಣ ನಾಳಗಳಲ್ಲಿ ಅದು ಗಟ್ಟಿಯಾಗಿಬಿಡುತ್ತದೆ ಎಂದು ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ದಿನಕ್ಕೊಂದು ಸಣ್ಣ ಮಾತ್ರೆ. ಗರ್ಭ ನಿಂತ ಮೇಲೆ ಹೊಟ್ಟೆಯ ಚರ್ಮಕ್ಕೆ ದಿನಕ್ಕೊಂದು ಇಂಜೆಕ್ಷನ್. ಅಷ್ಟೇ. ಯಾವ ಕಾರಣಕ್ಕೆ ನಾನು ಹೆದರಿದ್ದೆನೋ ಅದು ಇಷ್ಟು ಸಣ್ಣದಾಗಿತ್ತು. ಹೊರಗೆ ಬಂದು ಸ್ಕೂಟರಿನ ಪಕ್ಕ ನಿಂತು ನಾನು ಅತ್ತುಬಿಟ್ಟೆ. ಸಂತೋಷಕ್ಕಲ್ಲ. ಎರಡನೆಯ ಸಲವೇ ಹಟ ಹಿಡಿದು ಪರೀಕ್ಷೆ ಕೇಳಿದ್ದರೆ ಎಂಬ ಯೋಚನೆಗೆ.

ಮುಂದಿನ ವರ್ಷ ಮತ್ತೆ ಗರ್ಭ ನಿಂತಿತು. ಗಂಡ ಕಿತ್ತಳೆ ಹಣ್ಣಿಗೆ ಚುಚ್ಚಿ ಚುಚ್ಚಿ ಇಂಜೆಕ್ಷನ್ ಕೊಡುವುದನ್ನು ಕಲಿತರು. ದಿನಾ ಬೆಳಿಗ್ಗೆ ಕಚೇರಿಗೆ ಹೊರಡುವ ಮುಂಚೆ, ಕೈ ಎರಡು ಸಲ ತೊಳೆದುಕೊಂಡು ಬಂದು, "ರೆಡೀನಾ" ಎಂದು ಕೇಳಿ ಚುಚ್ಚುತ್ತಿದ್ದರು. ನನ್ನ ಹೊಟ್ಟೆಯ ತುಂಬ ನೀಲಿ ಕಲೆ. ಹತ್ತನೆಯ ವಾರ ದಾಟಿತು, ಹನ್ನೆರಡು ದಾಟಿತು, ಇಪ್ಪತ್ತು ದಾಟಿತು. ದಾಟಿದಷ್ಟೂ ನನ್ನ ಚಡಪಡಿಕೆ ಹೆಚ್ಚಾಯಿತು. ಮಗು ಒದೆಯದಿದ್ದರೆ ಎದ್ದು ಕೂರುತ್ತಿದ್ದೆ, ಒದ್ದರೆ ಜೋರಾಯಿತೇನೋ ಎಂದು ಎದ್ದು ಕೂರುತ್ತಿದ್ದೆ. ಆ ದಿನಗಳಲ್ಲಿ ಅಮ್ಮ ಫೋನ್ ಮಾಡಿ, ಹನ್ನೊಂದು ಮೇಜು ಸಾಲಾಗಿ ಸೋತೆ ಎಂದು ವರದಿ ಕೊಟ್ಟಳು. ಆಡುವವರು ಬದಲಾಗಿದ್ದಾರೆ, ಈಗೀಗ ಎಲ್ಲರೂ ಕಾಯುವುದನ್ನು ಕಲಿತುಬಿಟ್ಟಿದ್ದಾರೆ ಎಂದಳು. ಆಮೇಲೆ ಕ್ರಮೇಣ ಆಡುವುದನ್ನೇ ಬಿಟ್ಟಳು. ಬೇಜಾರೇನೂ ಇರಲಿಲ್ಲ.

ಮಗಳು ಹುಟ್ಟಿದಳು. ತೂಕ ಸ್ವಲ್ಪ ಕಮ್ಮಿ, ದನಿ ಜೋರು.

ಆರು ವಾರಕ್ಕೆ ತೋರಿಸಲು ಹೋದಾಗ ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆ. "ಇಂಜೆಕ್ಷನ್ ಇಲ್ದಿದ್ರೂ ಇವಳು ಉಳೀತಿದ್ಲಾ ಮೇಡಂ?"

ಅವರು ಕನ್ನಡಕ ತೆಗೆದು ಒರೆಸಿದರು. "ಉಳಿದ್ರೂ ಉಳೀಬಹುದಿತ್ತು. ಹೇಳಕ್ಕಾಗಲ್ಲ. ನೀವು ಲೆಕ್ಕದ ಮೇಷ್ಟ್ರು, ನೀವೇ ಹೇಳಿ."

ನನಗೂ ಹೇಳಲು ಆಗಲಿಲ್ಲ. ಈಗಲೂ ಆಗುವುದಿಲ್ಲ. ಒಬ್ಬಳೇ ಮಗಳು, ಒಂದೇ ಸಲ. ಇನ್ನೊಂದು ಸಲ ಇಂಜೆಕ್ಷನ್ ಇಲ್ಲದೆ ನೋಡುವ ಧೈರ್ಯ ಯಾರಿಗಿತ್ತು?

ಅತ್ತೆಗೆ ಈ ರಕ್ತದ ವಿಷಯ ಗಂಡನೇ ಹೇಳಿದ್ದರು. ಅವರು ನನ್ನ ಹತ್ತಿರ ಅದರ ಬಗ್ಗೆ ಮಾತೆತ್ತಿರಲಿಲ್ಲ. ಬಾಣಂತನ ಮುಗಿಸಿ ಬೋಗಾದಿಗೆ ಬಂದ ಮೇಲೆ ಒಂದು ದಿನ ಅವರು ಮಗುವಿಗೆ ಎಣ್ಣೆ ಹಚ್ಚುತ್ತಿದ್ದರು. ಕಾಲು ಚಾಚಿಕೊಂಡು, ಮೊಣಕಾಲ ಮೇಲೆ ಮಗುವನ್ನು ಬೋರಲು ಮಲಗಿಸಿಕೊಂಡು, ಬೆನ್ನು ನೀವುತ್ತಿದ್ದರು. ನಾನು ಬಿಸಿನೀರಿಗೆ ತಣ್ಣೀರು ಬೆರೆಸುತ್ತಿದ್ದೆ. ತಲೆ ಎತ್ತದೆ ಕೇಳಿದರು:

"ಆ ರಕ್ತದ ಪರೀಕ್ಷೆ, ಅದು ಮುಂಚೇನೂ ಇತ್ತೇನಮ್ಮ? ನಮ್ಮ ಕಾಲದಲ್ಲಿ?"

"ಇರ್ಲಿಲ್ಲ ಅನ್ಸತ್ತೆ ಅತ್ತೆ. ಯಾಕೆ?"

"ನಿನ್ನ ಗಂಡನಿಗಿಂತ ಮುಂಚೆ ನಂಗೆ ಎರಡು ಹೋದ್ವು" ಎಂದರು. "ಒಂದು ಐದು ತಿಂಗಳದ್ದು. ನಾನು ಹೊಸ್ತಿಲ ಮೇಲೆ ಕೂತಿದ್ದಕ್ಕೆ ಹಂಗಾಯ್ತು ಅಂದ್ರು ನಮ್ಮತ್ತೆ. ಕೂತಿದ್ನೋ ಇಲ್ವೋ ನಂಗೇ ಗ್ಯಾಪ್ಕ ಇಲ್ಲ."

ಅವರ ಕೈ ನಿಂತಿರಲಿಲ್ಲ. ನಾನು ಚೊಂಬನ್ನು ಕೆಳಗಿಟ್ಟು ಅವರ ಪಕ್ಕ ಕೂತೆ. ಇಷ್ಟು ವರ್ಷ ಇದನ್ನು ಅವರು ತಮ್ಮ ಮಗನಿಗೂ ಹೇಳಿರಲಿಲ್ಲ. ಮಗುವನ್ನು ಅಂಗಾತ ತಿರುಗಿಸಿ, "ನೀರು ಹದ ಆಯ್ತಾ ನೋಡಮ್ಮ, ಇವಳು ಚಳಿಗೆ ನಡುಗ್ತಾಳೆ" ಎಂದರು. ನಾನು ಮೊಣಕೈ ಅದ್ದಿ ನೋಡಿ, ಆಯ್ತು ಅತ್ತೆ, ಎಂದೆ.